ಯಾರ ಗರ್ನಾಲು ಮೊದಲು ಹಾರಿತು

ನನ್ನ ಮದುವೆಯಲ್ಲಿ ತಾಳಿ ಕಟ್ಟುವ ಕೆಲಸ ಸುಲಭವಾಗಿ ಮುಗಿಯಿತು. ಕಟ್ಟಿಸಿಕೊಂಡವಳನ್ನು ರಾಯಚೂರಿನಿಂದ ಮಾನ್ವಿಗೆ ಕರೆದುಕೊಂಡು ಬರುವುದಕ್ಕೆ ಮಾತ್ರ ಬೆಳಕಿನ ವೇಗ, ಓಡುವ ರೈಲು, ನಿಂತ ನೆಲ ಇವೆಲ್ಲದರ ವಿಚಾರ ಮಾಡಬೇಕಾಯಿತು. ಬೇರೆಯವರ ಮದುವೆಗಳಲ್ಲಿ ತುಪ್ಪ ಕಡಿಮೆ ಬಿತ್ತೆಂದೋ, ಉಡುಗೊರೆಯ ಧೋತರ ಒರಟಾಯಿತೆಂದೋ ಜಗಳ ಆಗುತ್ತದೆ. ನಮ್ಮ ಬೀಗರು ಅಷ್ಟು ಸಣ್ಣ ಜನ ಅಲ್ಲ. ಅವರು ನೇರವಾಗಿ ಕಾಲಕ್ಕೇ ಕೈ ಹಾಕಿದರು.

ಎರಡನೆಯ ಮಹಾಯುದ್ಧ ಮುಗಿದ ಮರುವರ್ಷದ ಮಾತು. ನಾನಾಗ ಮಾನ್ವಿಯಲ್ಲಿ ಶೇಂಗಾ ದಲಾಲಿ ಮಾಡುತ್ತಿದ್ದೆ. ಅಪ್ಪ ನಾನು ಸಣ್ಣವನಿರುವಾಗಲೇ ತೀರಿಕೊಂಡಿದ್ದ. ಸಂತೆಯಲ್ಲಿ ದನದ ಹಗ್ಗ ಮಾರಲು ಕೂತು, ಕೊಳ್ಳುವವನ ಮುಖ ನೋಡಿಯೇ ಅವನ ಎತ್ತು ಎಷ್ಟು ಹಠಮಾರಿ ಎಂದು ತಿಳಿಯುವಷ್ಟು ಕಲಿತು, ಆಮೇಲೆ ದಲಾಲಿಗೆ ಇಳಿದೆ. ನಮ್ಮಲ್ಲಿ ದರವನ್ನು ಬಾಯಿಂದ ಹೇಳುವುದಿಲ್ಲ. ಇಬ್ಬರ ಕೈಗಳ ಮೇಲೆ ಒಂದು ರುಮಾಲು ಹಾಕಿ, ಅದರ ಕೆಳಗೆ ಬೆರಳು ಹಿಡಿದು ಹೇಳುತ್ತೇವೆ. ಬಾಯಿ ಆ ಹೊತ್ತಿನಲ್ಲಿ ಮಳೆಯ ಬಗ್ಗೆ ಮಾತಾಡುತ್ತಿರುತ್ತದೆ. ಇದರಲ್ಲಿ ಪಳಗಿದ ಮೇಲೆ, ಜಗತ್ತಿನಲ್ಲಿ ಯಾರನ್ನು ಬೇಕಾದರೂ ಒಪ್ಪಿಸಬಲ್ಲೆ ಎಂಬ ಧೈರ್ಯ ನನಗೆ ಬಂದಿತ್ತು. ಮದುವೆಯಾಗದವರಿಗೆ ಇಂಥ ಧೈರ್ಯ ಇರುತ್ತದೆ.

ದೇವದುರ್ಗದ ಒಬ್ಬ ಹತ್ತಿ ವ್ಯಾಪಾರಿಯ ಮಗಳನ್ನು ನನಗೆ ನೋಡಿದರು. ಅವರಿಗೊಬ್ಬ ಮಗನಿದ್ದ, ನನಗೊಬ್ಬ ತಂಗಿ ಇದ್ದಳು. ಆದ್ದರಿಂದ ಕೊಟ್ಟು ತರುವ ಸಂಬಂಧವಾಯಿತು. ಅವರ ಮಗಳು ನಮ್ಮ ಮನೆಗೆ, ನನ್ನ ತಂಗಿ ಅವರ ಮನೆಗೆ. ಇಂಥ ಸಂಬಂಧ ಎರಡು ಮನೆಗಳನ್ನು ಪ್ರೀತಿಯಿಂದ ಹೊಲಿಯುತ್ತದೆ ಎಂದು ಹಿರಿಯರು ಹೇಳುತ್ತಾರೆ. ದಲಾಲಿಯಾಗಿ ನಾನು ಹೇಳುವುದಾದರೆ, ಇಬ್ಬರೂ ಒಬ್ಬರನ್ನೊಬ್ಬರು ನಂಬುವುದಿಲ್ಲ ಎಂಬುದನ್ನು ಅಕ್ಷತೆಯ ಅಕ್ಕಿಕಾಳು ಹಾಕಿ ಗಟ್ಟಿ ಮಾಡುವ ಪದ್ಧತಿ ಇದು. ನಿನ್ನ ಮಗಳು ನನ್ನ ಮನೆಯಲ್ಲಿ ಸುಖವಾಗಿರುತ್ತಾಳೆ, ಯಾಕೆಂದರೆ ನನ್ನ ಮಗಳು ನಿನ್ನ ಕೈಯಲ್ಲಿದ್ದಾಳೆ. ಅಷ್ಟೇ.

ತೊಡಕು ಬಂದದ್ದು ಯಾವ ತಾಳಿ ಮೊದಲು ಎಂಬಲ್ಲಿ. ಯಾರ ಮನೆಯ ಹುಡುಗಿಗೆ ಮೊದಲು ತಾಳಿ ಬಿತ್ತೋ ಅವರ ಕೈ ಬರಿದಾಯಿತು. ಎದುರಿನವರು ಅಷ್ಟರೊಳಗೆ ಮಣೆಯಿಂದ ಎದ್ದು ನಿಂತು ಇನ್ನೊಂದು ಬೇಡಿಕೆ ಇಟ್ಟರೆ ಮಾಡುವುದೇನು? ಹಿಂದೆ ಯಾರೋ ಹಾಗೆ ಎದ್ದಿದ್ದರಂತೆ. ಯಾರು, ಯಾವ ಊರಲ್ಲಿ ಎಂದು ಯಾರಿಗೂ ಗೊತ್ತಿರಲಿಲ್ಲ, ಆದರೆ ಎಲ್ಲರಿಗೂ ನೆನಪಿತ್ತು.

ಒಂದೇ ಚಪ್ಪರದಲ್ಲಿ ಎರಡೂ ಮದುವೆ ಮಾಡಿದರೆ ಮುಗಿಯಿತಲ್ಲ ಎಂದು ನೀವು ಕೇಳಬಹುದು. ಕೇಳಿದೆ, ನಾನೂ ಕೇಳಿದೆ. ಹೆಣ್ಣಿನ ಮದುವೆ ಹೆಣ್ಣಿನವರ ಚಪ್ಪರದಲ್ಲೇ ಆಗಬೇಕು. ನಮ್ಮವ್ವ ದೇವದುರ್ಗದ ಚಪ್ಪರದಲ್ಲಿ ಮಗಳನ್ನು ಧಾರೆ ಎರೆದು ಕೊಡಲು ಒಪ್ಪಲಿಲ್ಲ. ಅವರು ಮಾನ್ವಿಗೆ ಬರಲು ಒಪ್ಪಲಿಲ್ಲ. ಕೊನೆಗೆ ಇಬ್ಬರ ಊರೂ ಅಲ್ಲದ ರಾಯಚೂರಿನಲ್ಲಿ ಎರಡು ಚಪ್ಪರ ಹಾಕುವುದು, ಎರಡೂ ಚಪ್ಪರಗಳಲ್ಲಿ ಒಂದೇ ಕ್ಷಣಕ್ಕೆ ತಾಳಿ ಕಟ್ಟುವುದು ಎಂದು ತೀರ್ಮಾನವಾಯಿತು. ಈ ತೀರ್ಮಾನ ಮಾಡಿಸಿದವನು ನಾನೇ. ಆಗ ಎಲ್ಲರೂ ನನ್ನ ಬುದ್ಧಿಯನ್ನು ಹೊಗಳಿದರು. ಹೊಗಳಿಸಿಕೊಂಡ ಕೂಡಲೇ ಊರು ಬಿಡುವುದು ಒಳ್ಳೆಯದು ಎಂಬುದನ್ನು ನಾನು ಆಮೇಲೆ ಕಲಿತೆ.

ರೈಲು ಹಳಿಯ ಪಕ್ಕದಲ್ಲಿ ಹತ್ತಿ ಬಿಡಿಸುವ ಎರಡು ಜಿನ್ನುಗಳಿದ್ದವು. ಹಂಗಾಮು ಮುಗಿದು ಅಂಗಳ ಖಾಲಿ. ಎರಡಕ್ಕೂ ನಡುವೆ ಒಂದು ಉದ್ದನೆಯ ರೈಲು ನಿಲ್ಲುವಷ್ಟು ದೂರ. ಸ್ಟೇಷನ್ನಿನ ಕಡೆಯ ಜಿನ್ನು ದೇವದುರ್ಗದವರಿಗೆ, ಈಚೆ ಕಡೆಯದು ನಮಗೆ. ಗಡಿಯಾರ ನೋಡಿ ಕಟ್ಟೋಣ ಎಂದರೆ, ಯುದ್ಧದಲ್ಲಿ ಸರ್ಕಾರ ಗಡಿಯಾರಗಳನ್ನು ಮುಂದಕ್ಕೆ ತಳ್ಳಿ, ಯುದ್ಧ ಮುಗಿದ ಮೇಲೆ ಹಿಂದಕ್ಕೆ ಎಳೆದಿತ್ತು. ಕೆಲವರ ಗಡಿಯಾರ ಇನ್ನೂ ಯುದ್ಧದಲ್ಲೇ ಇದ್ದವು. ಅದಕ್ಕೆ ನಾನು ಇನ್ನೊಂದು ಉಪಾಯ ಹೂಡಿದೆ. ಎರಡು ಚಪ್ಪರಗಳ ನಡುವಿನ ಜಾಗವನ್ನು ಎರಡೂ ಕಡೆಯವರ ಎದುರಿಗೆ ಹಗ್ಗ ಹಿಡಿಸಿ ಅಳೆಸಿದೆ. ನಟ್ಟನಡುವೆ ರೈಲ್ವೆ ಗೇಟು ಬಂತು. ಅಲ್ಲೊಬ್ಬ ಮನುಷ್ಯ ನಿಂತು ಬಟ್ಟೆ ಬೀಸಬೇಕು. ಬೀಸಿದ್ದು ಎರಡೂ ಕಡೆ ಕಂಡ ಕೂಡಲೇ ತಾಳಿ ಬೀಳಬೇಕು. ತಾಳಿ ಬಿದ್ದದ್ದಕ್ಕೆ ಸಾಕ್ಷಿಯಾಗಿ ಎರಡೂ ಚಪ್ಪರದ ಮುಂದೆ ಗರ್ನಾಲು ಹಾರಿಸಬೇಕು. ಕಬ್ಬಿಣದ ಒರಳಿನಂಥ ಗರ್ನಾಲಿಗೆ ಮದ್ದು ತುಂಬಿ ಬೆಂಕಿ ಇಟ್ಟರೆ ಸತ್ತವರಿಗೂ ಮದುವೆ ಆಯಿತೆಂದು ತಿಳಿಯುತ್ತದೆ.

ನಡುವೆ ನಿಲ್ಲಲು ಇಬ್ಬರೂ ನಂಬುವ ಮನುಷ್ಯ ಬೇಕಲ್ಲ. ಗೇಟಿನ ಹತ್ತಿರವೇ ಒಂದು ಕೋಣೆಯಲ್ಲಿ ಹೈಸ್ಕೂಲಿನ ವಿಜ್ಞಾನದ ಮಾಸ್ತರರೊಬ್ಬರು ಇದ್ದರು. ಹೈದರಾಬಾದಿನಲ್ಲಿ ಓದಿದವರು. ನಾನು ಅವರಿಗೆ ಆಗಾಗ ಜೋಳ ತಂದು ಹಾಕುತ್ತಿದ್ದೆ. ಸುಳ್ಳು ಹೇಳದ ಮನುಷ್ಯ ಎಂದು ಊರೆಲ್ಲ ಹೆಸರಿತ್ತು. ನನ್ನ ಕಿವಿಮಾತು ಇದು: ಸಾಕ್ಷಿಗೆ ಸುಳ್ಳು ಹೇಳದವನನ್ನು ಎಂದಿಗೂ ಕರೆಯಬೇಡಿ. ನಿಮ್ಮ ಮೇಲೆ ಪ್ರೀತಿ ಇರುವವನನ್ನು ಕರೆಯಿರಿ.

ಮಾಸ್ತರರು ಕೆಂಪು ವಸ್ತ್ರ ತಂದಿದ್ದರು. ಗೇಟಿನವನು ಕಸಿದುಕೊಂಡ.

"ಏನ್ರೀ ಮಾಸ್ತರ್, ಕೆಂಪು ಬೀಸಿದ್ರ ರೈಲು ನಿಂದರ್ತದ. ನನ್ನ ನೌಕರಿ ತೆಗೀಬೇಕಂತ ಮಾಡೀರೇನು?"

"ಹಂಗಾದ್ರ ಹಸಿರು?"

"ಹಸಿರು ಬೀಸಿದ್ರ ನಿಂದರೋ ರೈಲು ಹೋಗ್ತದ."

ಕೊನೆಗೆ ಮಾಸ್ತರರು ತಮ್ಮ ಬಿಳಿ ಧೋತರವನ್ನೇ ಬೀಸುವುದೆಂದಾಯಿತು.

ಮದುವೆಯ ಮುಂಜಾನೆ ನಾನು ದೇವದುರ್ಗದವರ ಚಪ್ಪರದಲ್ಲಿ ಮಣೆಯ ಮೇಲೆ ಕೂತಿದ್ದೆ. ಅವರ ಮಗ ನಮ್ಮ ಚಪ್ಪರದಲ್ಲಿ ಕೂತಿದ್ದ. ಒಬ್ಬರನ್ನೊಬ್ಬರು ಒತ್ತೆ ಇಟ್ಟುಕೊಂಡ ರಾಜರ ಹಾಗೆ. ಧೋತರ ಎದ್ದಿತು. ಅದೇ ಹೊತ್ತಿಗೆ, ತಡವಾಗಿ ಬರುವುದೇ ಕೆಲಸವಾದ ಗುಂತಕಲ್ಲಿನ ಕಡೆಯ ರೈಲು ಗೇಟು ದಾಟುತ್ತಿತ್ತು. ನಾನು ತಾಳಿ ಕಟ್ಟಿದೆ. ನಾನಿದ್ದ ಚಪ್ಪರದ ಗರ್ನಾಲು ಎದೆ ನಡುಗುವಂತೆ ಹಾರಿತು. ಅದರ ಹಿಂದೆಯೇ, ಒಂದು ಉಸಿರು ಕಳೆದು, ದೂರದ ಗರ್ನಾಲಿನ ಸದ್ದು ಕೇಳಿತು.

ನನ್ನ ಮಾವನವರ ಮುಖ ಕಪ್ಪಿಟ್ಟಿತು.

"ಕೇಳಿಸ್ತೇನ್ರಿ ಅಳಿಯಂದ್ರ?"

"ಏನ್ರೀ?"

"ನಮ್ಮದು ಹಾರಿದ ಮ್ಯಾಲ ನಿಮ್ಮವ್ವನದು ಹಾರ್ತು. ಅವ್ರು ಕಾದ್ರು. ನಮ್ಮ ಹುಡುಗಿಗಿ ತಾಳಿ ಬಿತ್ತಂತ ಖಾತ್ರಿ ಮಾಡ್ಕೊಂಡು ಆಮ್ಯಾಲ ಕಟ್ಟಿಸ್ಯಾರ."

ನಿಜ ಹೇಳಬೇಕೆಂದರೆ ನನಗೂ ಹಾಗೆಯೇ ಅನ್ನಿಸಿತು. ನಮ್ಮವ್ವನನ್ನು ನಾನು ಬಲ್ಲೆ. ಹಾಲಿನವಳಿಂದಲೂ ಮೊದಲು ಹಾಲು ಅಳೆಸಿಕೊಂಡು ಆಮೇಲೆ ಸೆರಗಿನ ಗಂಟು ಬಿಚ್ಚುವ ಹೆಂಗಸು ಆಕೆ. ಅವಳನ್ನು ಸಮಾಧಾನದಿಂದ ಕೇಳೋಣ ಎಂದು ಈ ತುದಿಯ ಚಪ್ಪರಕ್ಕೆ ಓಡಿ ಬಂದರೆ ಅವಳು ಸೊಂಟಕ್ಕೆ ಕೈ ಇಟ್ಟು ಬಾಗಿಲಲ್ಲೇ ನಿಂತಿದ್ದಳು.

"ಯಪ್ಪಾ, ನಿನ್ನ ಮಾವ ಎಂಥಾ ಮನಷ್ಯಾನೋ? ನಮ್ಮ ಗರ್ನಾಲ ಹಾರಿದ ಮ್ಯಾಲ ಅವನ ಗರ್ನಾಲ ಹಾರ್ತು. ನನ್ನ ಕಿವಿಯಿಂದ ಕೇಳೀನಿ. ನನ್ನ ಮಗಳ ಕೊಳ್ಳಾಗ ಬಿದ್ದ ಮ್ಯಾಲ ಅವ ಸಾವಕಾಶ ಕಟ್ಟಿಸ್ಯಾನ."

"ಯವ್ವಾ, ಕಟ್ಟಿದಂವ ನಾ ಅದೀನಲ್ಲ."

"ನೀ ಆಗಲೇ ಆ ಮನಿ ಅಳಿಯ ಆದಿ ಬಿಡು."

ತಾಳಿ ಕಟ್ಟಿ ಇನ್ನೂ ಎಲೆಯ ಮುಂದೆ ಕೂತಿರಲಿಲ್ಲ, ಆಗಲೇ ನನ್ನ ಹೆಸರಿನಲ್ಲಿ ಎರಡು ಮನೆಗಳ ಅಪಮಾನ ಜಮಾ ಆಯಿತು. ಊಟ ಎರಡೂ ಕಡೆ ಚೆನ್ನಾಗಿಯೇ ನಡೆಯಿತು. ಜಗಳವಿದ್ದಾಗ ನಮ್ಮ ಜನ ಹೋಳಿಗೆಯನ್ನು ಸ್ವಲ್ಪ ಹೆಚ್ಚೇ ತಿನ್ನುತ್ತಾರೆ. ಊಟವಾದ ಮೇಲೆ ಎರಡೂ ಮನೆಗಳಿಂದ ಒಂದೇ ಮಾತು ಬಂತು. ಕಾದವರು ತಪ್ಪು ಒಪ್ಪಿಕೊಂಡು, ತಮ್ಮ ಮಗಳನ್ನು ತಾವೇ ಮೊದಲು ಕರೆತಂದು ಒಪ್ಪಿಸಬೇಕು. ಅಲ್ಲಿಯವರೆಗೆ ತಮ್ಮ ಹುಡುಗಿ ಚಪ್ಪರ ಬಿಟ್ಟು ಏಳುವುದಿಲ್ಲ. ಹೀಗಾಗಿ ನನ್ನ ಹೆಂಡತಿ ಆ ತುದಿಯಲ್ಲಿ, ನನ್ನ ತಂಗಿ ಈ ತುದಿಯಲ್ಲಿ. ನಾನು ಮತ್ತು ನನ್ನ ಭಾವಮೈದುನ ಹಳಿಯ ಪಕ್ಕದಲ್ಲಿ ಎದುರಾಬದುರು ಆಗಾಗ ನಡೆದಾಡಿಕೊಂಡು, ಎದುರಾದಾಗ ಶರಣು ಎಂದುಕೊಂಡು ಇದ್ದೆವು.

ನನಗೆ ಒಂದೇ ನೆಚ್ಚಿಕೆ ಇತ್ತು: ಮಾಸ್ತರರು. ನಡುವೆ ನಿಂತವರಿಗೆ ಗೊತ್ತಿರಲೇಬೇಕು. ಹೋಗಿ ಕೇಳಿದೆ.

"ಒಂದೇ ಸಪ್ಪಳ ಕೇಳಿಸ್ತು," ಎಂದರು. "ಬರಾಬರ್ ಒಂದೇ ಹೊತ್ತಿಗೆ. ಸಪ್ಪಳ ನಡಕೊಂಡು ಬರಬೇಕಲ್ರೀ. ಹತ್ತಿರದ್ದು ಲಗೂನ ಬರ್ತದ, ದೂರದ್ದು ತಡಾ ಆಗ್ತದ. ಅವರವರ ಚಪ್ಪರದಾಗ ಕುಂತವ್ರಿಗಿ ಅವರವರದ ಮೊದ್ಲ ಕೇಳಸ್ತದ. ಇಬ್ಬರೂ ಕಾದಿಲ್ಲ."

ಇಷ್ಟು ಸರಳ ಮಾತು. ನನಗೆ ಅವರ ಕಾಲಿಗೆ ಬೀಳಬೇಕೆನ್ನಿಸಿತು. ಮಾವನವರನ್ನೂ ಅವ್ವನನ್ನೂ ಗೇಟಿನ ಹತ್ತಿರ ಕರೆತಂದು ಇದನ್ನೇ ಹೇಳಿಸಿದೆ. ಮಾವನವರು ಗಂಟಲು ಸರಿಮಾಡಿಕೊಂಡರು. ಅವ್ವ ಸೆರಗು ಸರಿಮಾಡಿಕೊಂಡಳು. ಒಪ್ಪಿಕೊಳ್ಳುವ ಮೊದಲು ಜನ ಮಾಡುವ ಕೆಲಸಗಳಿವು, ದಲಾಲಿಯಲ್ಲಿ ನಾನು ಸಾವಿರ ಸಲ ನೋಡಿದ್ದೇನೆ. ಇನ್ನೇನು ರುಮಾಲಿನ ಕೆಳಗೆ ಬೆರಳು ಸಿಕ್ಕಿತು ಎನ್ನುವಾಗ ನನ್ನ ಹೆಂಡತಿಯ ಸೋದರಮಾವ ಸ್ಟೇಷನ್ನಿನಿಂದ ಪೆಟ್ಟಿಗೆ ಹೊರಿಸಿಕೊಂಡು ಬಂದರು.

ಅವರು ಆದವಾನಿಯವರು. ಮುಂಜಾನೆಯೇ ಬರಬೇಕಾದವರು, ಅದೇ ತಡವಾದ ರೈಲಿನಲ್ಲಿ ಬಂದಿದ್ದರು. ಸ್ಟೇಷನ್ನಿನಲ್ಲಿ ಇಳಿದು, ಯಾರೂ ಕರೆಯಲು ಬರಲಿಲ್ಲವೆಂದು ಸಿಟ್ಟಿನಿಂದ ಅಲ್ಲೇ ಕೂತು, ಕರೆಯಲು ಯಾರೂ ಬರದೆ ಇದ್ದುದರಿಂದ ತಾವೇ ಎದ್ದು ಬಂದಿದ್ದರು. ಸೋದರಮಾವ ಇಲ್ಲದೆ ಅಕ್ಕಿಕಾಳು ಬಿದ್ದವೆಂಬ ನೋವು ಬೇರೆ. ಇಂಥ ಮನುಷ್ಯ ಬಂದಾಗ ಮೊದಲು ನೀರು ಕೊಡಬೇಕು, ಆಮೇಲೆ ಎಲೆ ಹಾಕಬೇಕು, ಆಮೇಲೆ ಮಾತು. ನನ್ನ ಮಾವನವರು ಮೊದಲು ಮಾತು ಕೊಟ್ಟರು. ನಡೆದದ್ದೆಲ್ಲ ಹೇಳಿದರು.

"ಸಪ್ಪಳದ ಮಾತ ಬಿಡ್ರಿ," ಎಂದರು ಸೋದರಮಾವ. "ನಾ ನಡುವಿನ ಡಬ್ಬಿಯಾಗ ಕಿಡಕಿ ಕಡೀಗಿ ಕುಂತಿದ್ದೆ. ಈ ಮಾಸ್ತರ ಧೋತ್ರ ಬೀಸೋದು ನನ್ನ ಎದರೀಗೇ ಕಂಡದ. ಬೆಂಕಿನೂ ಕಣ್ಣಲೆ ಕಂಡೀನಿ. ಮುಂದ ದೇವದುರ್ಗದವರ ಬೆಂಕಿ ಮೊದ್ಲ, ಹಿಂದ ಮಾನ್ವಿಯವರ ಬೆಂಕಿ ಆಮ್ಯಾಲ. ಯಾವ ದೇವ್ರ ಗುಡಿಯಾಗ ಬೇಕಾದ್ರೂ ಗವಾಹಿ ಕೊಡ್ತೀನಿ."

ಮಾವನವರು ಸರಿಮಾಡಿಕೊಂಡ ಗಂಟಲನ್ನು ಮತ್ತೆ ಬಿಗಿ ಮಾಡಿಕೊಂಡರು. ಅವ್ವ ಎದ್ದು ಹೋದಳು.

ಮರುದಿನ ಮುಂಜಾನೆ ಗೇಟಿನ ಬಳಿಯ ಬೇವಿನ ಮರದ ಕೆಳಗೆ ಎರಡೂ ಮನೆಯವರು ಕೂತರು. ಜಮಖಾನೆ ಹಾಸಿತ್ತು. ಜಮಖಾನೆಯ ಈ ಅರ್ಧದಲ್ಲಿ ನಾವು, ಆ ಅರ್ಧದಲ್ಲಿ ಅವರು, ನಡುವೆ ಮಾಸ್ತರರು ಒಬ್ಬರೇ. ನನ್ನ ಹೆಂಡತಿ ಮಾನ್ವಿಗೆ ಬರುವುದೋ, ತಾಳಿ ಕಟ್ಟಿಕೊಂಡು ದೇವದುರ್ಗಕ್ಕೆ ಮರಳುವುದೋ ಎಂಬುದು ಇನ್ನು ಅವರ ಬಾಯಲ್ಲಿತ್ತು. ನಾನು ಹಿಂದಿನ ಸಂಜೆಯೇ ಹೋಗಿ ಅವರಿಗೆ ಹೇಳಿದ್ದೆ: ಮಾಸ್ತರ್ರೇ, ರೈಲಿನಲ್ಲಿ ಕೂತವರಿಗೆ ಧೂಳು ಬಿದ್ದು ಕಣ್ಣು ಸರಿಯಾಗಿ ಕಾಣಲಿಲ್ಲ ಎಂದುಬಿಡಿ, ಸಾಕು. ಅವರು ತಲೆ ಆಡಿಸಿದ್ದರು. ಆ ತಲೆ ಯಾವ ದಿಕ್ಕಿಗೆ ಆಡಿತು ಎಂದು ನಾನು ಸರಿಯಾಗಿ ನೋಡಬೇಕಿತ್ತು.

"ಮಾಸ್ತರ್," ಎಂದರು ಸೋದರಮಾವ, "ನಾ ಕಂಡಿದ್ದು ಸುಳ್ಳೇನು? ಹೇಳ್ರಿ ಮತ್ತ."

ಮಾಸ್ತರರು ಕನ್ನಡಕ ತೆಗೆದು ಒರೆಸಿಕೊಂಡರು.

"ಸುಳ್ಳಲ್ಲ," ಎಂದರು. "ರೈಲಿನ್ಯಾಗ ಕುಂತವ್ರಿಗಿ ಮುಂದಿನ ಬೆಂಕಿ ಮೊದ್ಲ ಆಗೋದು ಖರೇನ ಅದ. ನೆಲದ ಮ್ಯಾಲ ನಿಂತ ನನಗ ಎರಡೂ ಒಂದೇ ಕ್ಷಣಕ್ಕ ಆಗೋದೂ ಖರೇನ ಅದ."

"ಅದ್ಹೆಂಗ ಖರೇ ಎರಡು ಇರ್ತಾವ?" ಅವ್ವ ಹಿಂದಿನಿಂದ ಕೇಳಿದಳು.

ಇಂಥ ಪ್ರಶ್ನೆಗೆ ಓದಿದವರು ಕಾಯುತ್ತಿರುತ್ತಾರೆ. ಮಾಸ್ತರರು ನೆಲದ ಮೇಲೆ ಕಡ್ಡಿಯಿಂದ ಗೀಟು ಎಳೆದರು. ಆವತ್ತು ಅವರು ಹೇಳಿದ್ದನ್ನು ನಾನು ಆಮೇಲೆ ಎಷ್ಟೋ ಸಲ ಅವರಿಂದಲೇ ಕೇಳಿ ತಿಳಿದುಕೊಂಡಿದ್ದೇನೆ, ಆದ್ದರಿಂದ ನನ್ನ ಮಾತಿನಲ್ಲೇ ಹೇಳುತ್ತೇನೆ.

ಬೆಂಕಿ ಹತ್ತಿದ ಆ ಕ್ಷಣಕ್ಕೆ ರೈಲಿನ ಎಂಜಿನ್ನು ದೇವದುರ್ಗದವರ ಗರ್ನಾಲಿನ ಪಕ್ಕ, ಹಿಂದಿನ ಗಾರ್ಡಿನ ಡಬ್ಬಿ ನಮ್ಮ ಗರ್ನಾಲಿನ ಪಕ್ಕ ಇತ್ತು ಎಂದುಕೊಳ್ಳಿ. ಸೋದರಮಾವ ರೈಲಿನ ನಟ್ಟನಡುವೆ, ಮಾಸ್ತರರ ಎದುರಿಗೆ. ಎರಡೂ ಕಡೆಯ ಬೆಳಕು ಹೊರಟಿತು. ಮಾಸ್ತರರು ನಿಂತಲ್ಲೇ ನಿಂತಿದ್ದಾರೆ, ಎರಡೂ ತುದಿ ಅಷ್ಟಷ್ಟೇ ದೂರ, ಎರಡೂ ಬೆಳಕು ಒಟ್ಟಿಗೇ ಬಂದು ಮುಟ್ಟಿದವು. ಆದ್ದರಿಂದ ಎರಡೂ ಒಂದೇ ಕ್ಷಣಕ್ಕೆ ಹತ್ತಿದವು ಎಂದರು. ಸರಿ. ಸೋದರಮಾವ ಮಾತ್ರ ಆ ಹೊತ್ತಿನಲ್ಲಿ ಮುಂದಿನ ಬೆಳಕಿನ ಕಡೆಗೆ ಸಾಗುತ್ತಿದ್ದಾರೆ, ಹಿಂದಿನ ಬೆಳಕಿನಿಂದ ದೂರ ಸರಿಯುತ್ತಿದ್ದಾರೆ. ಮುಂದಿನದು ಮೊದಲು ಸಿಕ್ಕಿತು.

ಇಲ್ಲಿಯವರೆಗೆ ನಮ್ಮ ಸಂತೆಯ ಜನಕ್ಕೂ ಅರ್ಥವಾಗುತ್ತದೆ. ಎದುರಿಗೆ ಹೋದವನಿಗೆ ಗಿರಾಕಿ ಬೇಗ ಸಿಗುತ್ತಾನೆ. ಮಾಸ್ತರರು ಅಲ್ಲಿಗೆ ನಿಲ್ಲಿಸಬಹುದಿತ್ತು. ಅವರೋ, ಸೋದರಮಾವನಿಗೆ ತಾನು ಸಾಗುತ್ತಿದ್ದೇನೆ ಎಂದು ಯಾಕೆ ಅನ್ನಿಸಬೇಕು ಎಂದು ಕೇಳಿದರು. ಅವರು ಬೆಂಚಿನ ಮೇಲೆ ಕೂತಲ್ಲೇ ಕೂತಿದ್ದಾರೆ, ನೆಲವೇ ಹಿಂದಕ್ಕೆ ಓಡುತ್ತಿದೆ. ಪಕ್ಕದಲ್ಲೇ ಗರ್ನಾಲು ಹಾರಿ ಎಂಜಿನ್ನಿಗೆ ಮದ್ದಿನ ಮಸಿ ಮೆತ್ತಿದೆ, ಗಾರ್ಡಿನ ಡಬ್ಬಿಗೂ ಮೆತ್ತಿದೆ. ಅವರ ಬೆಂಚಿನಿಂದ ಎರಡು ಮಸಿಗಳೂ ಅಷ್ಟಷ್ಟೇ ದೂರ. ಇನ್ನು ಬೆಳಕಿನ ಸ್ವಭಾವ ಏನೆಂದರೆ, ನಿಂತವನು ಅಳೆದರೂ ಓಡುವವನು ಅಳೆದರೂ ಅದರ ವೇಗ ಒಂದೇ. ಎದುರಿಗೆ ಹೋದವನಿಗೆ ಹೆಚ್ಚೂ ಇಲ್ಲ, ಬೆನ್ನು ಹಾಕಿದವನಿಗೆ ಕಡಿಮೆಯೂ ಇಲ್ಲ. ಯಾರ ಜೊತೆಗೂ ದರ ಬದಲಿಸದ ವ್ಯಾಪಾರಿ ಅದು. ಅಂಥವನು ನಮ್ಮ ಪೇಟೆಯಲ್ಲಿ ಒಂದು ಹಂಗಾಮೂ ಬಾಳಲಾರ. ಇರಲಿ. ದೂರ ಒಂದೇ, ವೇಗ ಒಂದೇ, ಆದರೂ ಮುಂದಿನದು ಮೊದಲು ಬಂತು. ಹಾಗಾದರೆ ಸೋದರಮಾವ ಏನೆನ್ನಬೇಕು? ಮುಂದಿನದೇ ಮೊದಲು ಹತ್ತಿತು ಎನ್ನಲೇಬೇಕು. ಅದು ಕಣ್ಣಿನ ಭ್ರಮೆಯಲ್ಲ. ಒಂದೇ ಕ್ಷಣ ಎನ್ನುವುದು ನೋಡುವವನು ಯಾವ ಕಡೆಗೆ, ಎಷ್ಟು ವೇಗದಲ್ಲಿ ಸಾಗುತ್ತಿದ್ದಾನೆ ಎಂಬುದರ ಮೇಲೆ ನಿಂತಿದೆ. ಎಲ್ಲರಿಗೂ ಸೇರಿದ ಒಂದು ಕ್ಷಣ ಎಂಬುದು ಇಲ್ಲ.

ಹೀಗೆ ನಾನು ಜೋಳ ಹಾಕಿ ಸಾಕಿದ ಮಾಸ್ತರರು ನನ್ನ ಎದುರಿಗೇ ನನ್ನ ಸಂಸಾರಕ್ಕೆ ಬೆಂಕಿ ಇಟ್ಟರು.

"ಕೇಳಿದ್ರೇನ್ರಿ," ಮಾವನವರು ಜಮಖಾನೆ ತಟ್ಟಿದರು. "ನೀವು ನೇಮಿಸಿದ ಮಾಸ್ತರ್ರೇ ಒಪ್ಪ್ಯಾರ. ನಮ್ಮದ ಮೊದ್ಲ. ನೀವು ಕಾದ್ರಿ. ಇನ್ನ ನಿಮ್ಮ ಹುಡುಗಿನ ಕರ್ಕೊಂಡು ಬಂದು ಒಪ್ಪಿಸ್ರಿ."

"ನಾನ್ಯಾಕ ಒಪ್ಪಿಸ್ಲಿ?" ಎಂದಳು ಅವ್ವ. "ನಾ ಏನು ರೈಲಿನ್ಯಾಗ ಮದುವಿ ಮಾಡೀನೇನು?"

ಅವ್ವ ಸಿಟ್ಟಿನಲ್ಲಿ ಆಡಿದ ಆ ಮಾತು ನನಗೆ ಸಿಕ್ಕಿಕೊಂಡಿತು. ಚೌಕಾಸಿಯಲ್ಲಿ ಎದುರಿನವನು ಹೆಮ್ಮೆಯಿಂದ ಹಿಡಿದುಕೊಂಡ ವಸ್ತುವನ್ನು ಕಸಿಯಲು ಹೋಗಬಾರದು. ಅಂಥದೇ ಇನ್ನೊಂದನ್ನು ಎಲ್ಲರಿಗೂ ಹಂಚಿಬಿಡಬೇಕು, ಬೆಲೆ ತಾನೇ ಇಳಿಯುತ್ತದೆ. ನಾನು ಮಾಸ್ತರರ ಕಡೆ ತಿರುಗಿದೆ.

"ಮಾಸ್ತರ್ರೇ, ಆ ಹೊತ್ತಿಗಿ ಎದರಿಂದ ಇನ್ನೊಂದು ರೈಲು ಬಂದಿದ್ರ? ಸ್ಟೇಷನ್ ಕಡಿಂದ ಈ ಕಡಿಗಿ?"

"ಅದರಾಗ ಕುಂತವ್ರಿಗಿ ಮಾನ್ವಿಯವ್ರದು ಮೊದ್ಲ ಆಗ್ತದ."

"ಅದೂ ಖರೇನಾ?"

"ಅದೂ ಅಷ್ಟೇ ಖರೇ."

"ರೈಲ ಬೇಕೇ ಏನ್ರಿ? ಬಂಡಿ ನಡೀತದೇನು?"

ಮಾಸ್ತರರು ಸ್ವಲ್ಪ ಹೊತ್ತು ಗೀಟುಗಳನ್ನು ನೋಡಿದರು. "ತತ್ವಕ್ಕ ಬಂಡಿನೂ ನಡೀತದ. ಆದ್ರ..."

"ಅಷ್ಟು ಸಾಕ್ರಿ," ಎಂದೆ. ಓದಿದವರೊಡನೆ ವ್ಯವಹಾರ ಮಾಡುವವರಿಗೆ ನನ್ನ ಸಲಹೆ: ಅವರು ‘ಆದರೆ’ ಎಂದ ಕೂಡಲೇ ಮಾತು ಮುಗಿಸಿಬಿಡಬೇಕು. ‘ಆದರೆ’ಯ ಆಚೆ ಇರುವುದೆಲ್ಲ ಅವರ ಮಾಲು, ಈಚೆ ಇರುವುದು ನಮ್ಮದು.

ನಾನು ಎದ್ದು ನಿಂತು ಎರಡೂ ಕಡೆಯವರಿಗೆ ಕೈ ಮುಗಿದೆ. "ಮಾವಾರ, ದೇವದುರ್ಗದ ಹಾದಿ ನಿಮ್ಮ ಚಪ್ಪರದ ಕಡೀಗಿ ಅದ. ಬಂಡಿ ಹೂಡಿ ನೀವು ಊರ ದಾರಿ ಹಿಡೀರಿ. ಹೊಂಟವ್ರ ಲೆಕ್ಕಕ್ಕ ನಿಮ್ಮ ಗರ್ನಾಲ ಮೊದ್ಲ. ಯವ್ವಾ, ನಮ್ಮೂರ ಹಾದಿ ನಮ್ಮ ಚಪ್ಪರದ ಕಡೀಗಿ ಅದ. ನಾವು ಹೊಂಟ್ರ ನಮ್ಮದ ಮೊದ್ಲ. ಇಬ್ಬರೂ ಕಾದಿಲ್ಲ, ಇಬ್ಬರೂ ಮೊದ್ಲ ಕಟ್ಟೀರಿ. ಮಾಸ್ತರ್ರು ಖರೇ ಅಂದಾರ. ಆದ್ರ ಇಲ್ಲೇ ಕುಂತ್ರ ಮಾತ್ರ ಯಾರೂ ಮೊದ್ಲ ಅಲ್ಲ ನೋಡ್ರಿ. ಏಳಬೇಕಾಗ್ತದ."

ಜಮಖಾನೆಯ ಎರಡೂ ಅರ್ಧಗಳು ಮಾಸ್ತರರ ಮುಖ ನೋಡಿದವು.

"ತತ್ವಕ್ಕ ತಪ್ಪಿಲ್ಲ," ಎಂದರು ಅವರು ಬಹಳ ಸಂಕಟದಿಂದ.

"ನಾ ಆದವಾನಿಗಿ ವಾಪಸ್ ಹೋಗಬೇಕು," ಎಂದರು ಸೋದರಮಾವ. "ನನಗ ಯಾರದು ಮೊದ್ಲ ಆಗ್ತದ?"

"ನಿಮಗ ಹೋಗಾಕ ಮಾನ್ವಿಯವ್ರದು, ಬರಾಕ ದೇವದುರ್ಗದವ್ರದು."

ಸೋದರಮಾವನಿಗೆ ಇದು ಬಹಳ ಹಿಡಿಸಿತು. ಎರಡೂ ಮನೆಗಳ ಸತ್ಯ ತನ್ನೊಬ್ಬನ ಟಿಕೀಟಿನ ಮೇಲಿದೆ ಎಂಬ ಮರ್ಯಾದೆ ಅವರಿಗೆ ಆದವಾನಿಯಲ್ಲಿ ಸಿಕ್ಕಿರಲಿಕ್ಕಿಲ್ಲ. ಅವರೇ ಮೊದಲು ಎದ್ದು ಬಂಡಿ ಹೂಡಿಸಿ ಎಂದರು.

ಎತ್ತುಗಳಿಗೆ ನೊಗ ಕಟ್ಟುವಾಗ ಮಾಸ್ತರರು ನನ್ನನ್ನು ಬದಿಗೆ ಕರೆದು, ನಾನು ಹೇಳಗೊಡದೆ ಉಳಿಸಿದ್ದನ್ನು ಹೇಳಿ ಮುಗಿಸಿದರು. ಹೊಟ್ಟೆಯಲ್ಲಿ ಇಟ್ಟುಕೊಳ್ಳಲು ಅವರಿಗೆ ಆಗುತ್ತಿರಲಿಲ್ಲ. ಎತ್ತಿನ ಬಂಡಿಯಲ್ಲಿ ಹೋಗುವವನಿಗೂ ಗುಂತಕಲ್ಲಿನ ರೈಲಿನಲ್ಲಿ ಹೋಗುವವನಿಗೂ ಆ ವ್ಯತ್ಯಾಸ ಎಷ್ಟು ಸಣ್ಣದೆಂದರೆ, ಜಗತ್ತಿನ ಯಾವ ಗಡಿಯಾರಕ್ಕೂ ಅದು ಸಿಗುವುದಿಲ್ಲವಂತೆ. ಬೆಳಕಿನ ಸಮಕ್ಕೆ ಓಡುವ ರೈಲು ಬೇಕಂತೆ. ಗರ್ನಾಲಿಗೆ ಬತ್ತಿ ಇಡುವವನ ಕೈ ರೆಪ್ಪೆ ಬಡಿಯುವಷ್ಟು ತಡವಾಗಿದ್ದರೂ ಯಾವ ರೈಲೂ ಅದನ್ನು ಹಿಂದುಮುಂದು ಮಾಡಲಾರದಂತೆ. ಬೆಳಕು ಈ ಗರ್ನಾಲಿನಿಂದ ಆ ಗರ್ನಾಲಿಗೆ ಹೋಗಿ ಮುಟ್ಟುವಷ್ಟು ಹೊತ್ತು ನಡುವೆ ಕಳೆದಿದ್ದರೆ, ಮೊದಲಿನದು ಎಲ್ಲರಿಗೂ ಮೊದಲೇ.

"ಮತ್ತ ನಮ್ಮ ಸೋದರಮಾವ ಕಂಡಿದ್ದು?"

"ಅವ್ರು ಎಂಜಿನ್ ಕಡೀಗಿ ಮಾರಿ ಮಾಡಿ ಕುಂತಿದ್ರು. ಮುಂದಿಂದು ಕಂಡ್ತು. ಹೊಳ್ಳಿ ನೋಡಿದ ಮ್ಯಾಲ ಹಿಂದಿಂದು ಕಂಡ್ತು. ಅಷ್ಟ."

"ಇದನ್ನ ಅಲ್ಲೇ ಯಾಕ ಹೇಳ್ಲಿಲ್ರಿ?"

"ಅವ್ರು ಕೇಳಿದ್ದು, ‘ನಾ ಕಂಡಿದ್ದು ಸುಳ್ಳೇನು’ ಅಂತ. ಯಾ ಕಡೀಗಿ ಮಾರಿ ಮಾಡಿದ್ದೆ ಅಂತ ಕೇಳ್ಲಿಲ್ಲ."

ಇಂಥವರನ್ನು ದೇವರು ಹೈಸ್ಕೂಲುಗಳಲ್ಲಿ ಇಟ್ಟಿದ್ದಾನೆ, ಪೇಟೆಯಲ್ಲಿ ಇಟ್ಟಿಲ್ಲ. ಅಷ್ಟಾದರೂ ದಯೆ ಇದೆ.

ಬಂಡಿಗಳು ಗೇಟಿನ ಬಳಿಗೆ ಬಂದು ಬೆನ್ನಿಗೆ ಬೆನ್ನು ಹಾಕಿ ನಿಂತವು. ನಮ್ಮದರ ಮುಖ ಮಾನ್ವಿಗೆ, ಅವರದರ ಮುಖ ದೇವದುರ್ಗಕ್ಕೆ. ಇನ್ನು ಹುಡುಗಿಯರು ಹತ್ತುವುದೊಂದೇ ಬಾಕಿ. ನನ್ನ ಹೆಂಡತಿ ನಮ್ಮ ಬಂಡಿಗೆ, ತಂಗಿ ಅವರ ಬಂಡಿಗೆ. ಅಲ್ಲಿ ಬಂತು ಮತ್ತೆ ತೊಡಕು.

"ಹತ್ತಸ್ರಿ ನಿಮ್ಮ ಹುಡುಗಿನ," ಎಂದರು ಮಾವನವರು.

"ನೀವು ಹತ್ತಸ್ರಿ ನಿಮ್ಮ ಹುಡುಗಿನ," ಎಂದಳು ಅವ್ವ.

"ನಾವು ಮೊದ್ಲ ಕಳಿಸಿದ್ರ ನಾವು ಸೋತಂಗಲ್ಲೇನು?"

"ಹಂಗಾದ್ರ ನಾ ಸೋಲಾಕ ಬಂದೀನೇನು?"

ನಾನು ಮಾಸ್ತರರನ್ನು ಹುಡುಕಿದೆ. ಶಾಲೆಗೆ ಹೊತ್ತಾಯಿತೆಂದು ಹೋಗಿದ್ದರು. ಬಿಸಿಲು ಏರುತ್ತಿತ್ತು. ಸೋದರಮಾವ ಎರಡೂ ಬಂಡಿಗಳ ನಡುವೆ ನಿಂತು, ಒಂದು ಕೈಯಿಂದ ಈ ಹುಡುಗಿಯನ್ನೂ ಇನ್ನೊಂದು ಕೈಯಿಂದ ಆ ಹುಡುಗಿಯನ್ನೂ ಹಿಡಿದು ಒಟ್ಟಿಗೆ ಹತ್ತಿಸುವ ಬಗೆಯನ್ನು ವಿವರಿಸುತ್ತಿದ್ದರು. ಬಲಗೈ ಯಾರಿಗೆ ಎಂಬಲ್ಲಿ ಅದೂ ನಿಂತಿತು. ನಾನೂ ಬಾಯಿ ತೆರೆದೆ. ನನ್ನ ಹತ್ತಿರ ಇನ್ನೂ ಎರಡು ಮೂರು ಉಪಾಯಗಳಿದ್ದವು, ಅವು ಯಾವುವೆಂದು ಈಗ ನೆನಪಿಲ್ಲ, ಹೇಳುವ ಪ್ರಸಂಗವೇ ಬರಲಿಲ್ಲ.

ತನ್ನ ತಾಯಿಯ ಪಕ್ಕದಲ್ಲಿ ತಲೆ ತಗ್ಗಿಸಿ ನಿಂತಿದ್ದ ನನ್ನ ಹೆಂಡತಿ, ಆವರೆಗೆ ಆಕೆಯ ದನಿಯನ್ನೇ ನಾನು ಕೇಳಿರಲಿಲ್ಲ, ನೇರ ನಡೆದು ಬಂದು, ಗಾಲಿಯ ಮೇಲೆ ಕಾಲಿಟ್ಟು ನಮ್ಮ ಬಂಡಿಯಲ್ಲಿ ಕೂತಳು. ಕೂತು ಸೆರಗಿನಿಂದ ಬೆವರು ಒರೆಸಿಕೊಂಡಳು.

"ಬೇ, ಯಾರು ಹತ್ತು ಅಂದ್ರು ನಿನಗ?" ಮಾವನವರು ಕೇಳಿದರು.

"ಯಾರೂ ಅಂದಿಲ್ಲ, ಯಪ್ಪಾ. ನೀ ಎಲ್ಲಿ ಕಳಿಸಿದಿ? ನಾನಽ ಬಂದು ಕುಂತೀನಿ." ಹಿಂದಕ್ಕೆ ತಿರುಗಿ ನನ್ನ ತಂಗಿಯ ಕಡೆ ನೋಡಿದಳು. "ಬಿಸಲಾಗ ನಿಂತ್ರ ತಲಿ ನೋಯ್ತದ. ನೀನೂ ಹತ್ತು."

ತಂಗಿ ಅವ್ವನ ಮುಖವನ್ನೂ ನೋಡದೆ ಆ ಬಂಡಿ ಹತ್ತಿದಳು.

ಆಮೇಲೆ ಮಾವನವರು, ತಾವು ಕಳಿಸಿಲ್ಲ, ಮಗಳು ತಾನಾಗಿಯೇ ಹೋದಳು, ಇದನ್ನು ಎಲ್ಲರೂ ನೋಡಿದ್ದೀರಿ ಎಂದು ಗಟ್ಟಿಯಾಗಿ ಹೇಳಿದರು. ಅವ್ವನೂ ಹಾಗೆಯೇ ಹೇಳಿದಳು. ಇಬ್ಬರ ಮುಖದಲ್ಲೂ ಗೆದ್ದ ಕಳೆ ಇತ್ತು. ಎರಡೂ ಬಂಡಿ ಹೊರಟವು.

ದಾರಿಯಲ್ಲಿ ಬಹಳ ಹೊತ್ತಿನ ಮೇಲೆ ನಾನು ಆಕೆಗೆ ಬೆಳಕಿನ ವಿಚಾರ ವಿವರಿಸಲು ಶುರುಮಾಡಿದೆ. ಆಕೆ ಸುಮ್ಮನೆ ಕೇಳಿ, ಕುಡಿಯುವ ನೀರು ಎಲ್ಲಿ ಇಟ್ಟಿದ್ದೀರಿ ಎಂದಳು. ನಾನು ಇಟ್ಟಿರಲಿಲ್ಲ. ಅಷ್ಟೆಲ್ಲ ಚೌಕಾಸಿ ಮಾಡಿದವನು ನೀರಿನ ತಂಬಿಗೆ ಮರೆತಿದ್ದೆ. ಆಕೆ ತನ್ನ ಗಂಟಿನಿಂದ ತಾನು ತಂದಿದ್ದ ತಂಬಿಗೆ ತೆಗೆದು ಮೊದಲು ತಾನು ಕುಡಿದು ಆಮೇಲೆ ನನಗೆ ಕೊಟ್ಟಳು.

ಮಾವನವರು ಸಾಯುವವರೆಗೂ ನಮ್ಮ ಮನೆಗೆ ಹಬ್ಬಹುಣ್ಣಿಮೆಗೆ ಬರುತ್ತಿದ್ದರು, ಉಂಡು ಹೋಗುತ್ತಿದ್ದರು, ಮೊಮ್ಮಕ್ಕಳನ್ನು ಎತ್ತಿ ಆಡಿಸುತ್ತಿದ್ದರು. ಮಗಳನ್ನು ಕಳಿಸಿಕೊಟ್ಟ ಮಾತನ್ನು ಮಾತ್ರ ಒಂದು ದಿನವೂ ಒಪ್ಪಲಿಲ್ಲ. ಅವರ ಲೆಕ್ಕದಲ್ಲಿ ಆಕೆ ಇನ್ನೂ ಆ ಗೇಟಿನ ಹತ್ತಿರವೇ ನಿಂತಿದ್ದಾಳೆ.